ಗುಡಿ ಉಳಿದರೆ ಸಾಲದು, ಊರಿಗೂ ಪಾಲು ಬೇಕು

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಬರುವವರು ಕೇಶವ ದೇವಾಲಯದ ಶಿಲ್ಪಗಳನ್ನು ಕಣ್ತುಂಬ ನೋಡುತ್ತಾರೆ. ಪ್ರವೇಶದ್ವಾರದ ಬಳಿಯ ಶಾಸನದತ್ತ ತಿರುಗುವವರು ಕಡಿಮೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 1258ರ ಸುಮಾರಿಗೆ ಇಲ್ಲಿ ಗುಡಿಯೊಂದನ್ನೇ ಕಟ್ಟಿಸಲಿಲ್ಲ. ತನ್ನ ಹೆಸರಿನ ಅಗ್ರಹಾರವನ್ನೂ ಸ್ಥಾಪಿಸಿದ, ಗುಡಿಯ ಖರ್ಚುವೆಚ್ಚಕ್ಕೆ ದತ್ತಿಗಳನ್ನೂ ಏರ್ಪಡಿಸಿದ. ಗುಡಿ ಬಾಳಬೇಕಾದರೆ ಊರು ಬಾಳಬೇಕೆಂಬ ಲೆಕ್ಕಾಚಾರ ಅದರಲ್ಲಿತ್ತು.

ಇಂದು ಆ ಲೆಕ್ಕ ತುಸು ತಪ್ಪಿದೆ. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೀರ್ತಿ ಜಗತ್ತಿನದು, ನಿರ್ಬಂಧ ಮಾತ್ರ ಊರಿನದು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ನಿಯಮ ಅಗತ್ಯವೇ. ಆದರೆ ಮಗನಿಗೊಂದು ಕೋಣೆ ಕಟ್ಟಿಕೊಡಲಾಗದ ಮನೆಯವರಿಗೆ ಸ್ಮಾರಕದಿಂದ ಬಂದದ್ದೇನು?

ಇದೇ ತಾಲ್ಲೂಕಿನ ಕಾವೇರಿ-ಕಪಿಲಾ ಸಂಗಮದ ಕಥೆ ಬೇರೆ. 1960ರ ದಶಕದಲ್ಲಿ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಬೂದುಬಣ್ಣದ ಮಡಕೆಗಳು, ಸಮಾಧಿಗಳು, ಸುಟ್ಟ ಮಣ್ಣಿನ ತಲೆದಿಂಬುಗಳು ಕೂಡ ದೊರೆತವು. ಸೋಮನಾಥಪುರಕ್ಕಿಂತ ಸಾವಿರಾರು ವರ್ಷ ಹಿಂದಿನ ಬದುಕು ಅದು. ಆದರೆ ಗೋಪುರವಿಲ್ಲದ ನೆಲೆ ಯಾರ ಕಣ್ಣಿಗೂ ಬೀಳದು. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ. ಅಲ್ಲಿ ಮೀಯುವ ಜನಕ್ಕೆ ಈ ನೆಲದ ಮೊದಲ ಒಕ್ಕಲುಗಳ ಪರಿಚಯ ಮಾಡಿಕೊಡುವುದು ಕಷ್ಟದ ಕೆಲಸವೇನಲ್ಲ.

ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಸೇತುವೆ ಇನ್ನೊಂದು ಪಾಠ ಹೇಳುತ್ತದೆ. ಅದು ರಸ್ತೆಯನ್ನೂ ರೈಲನ್ನೂ ಹೊತ್ತಿತು. ಜನರಿಗೆ ಬೇಕಾಗಿದ್ದರಿಂದಲೇ ಶತಮಾನಗಳ ಕಾಲ ಅದಕ್ಕೆ ಆರೈಕೆ ದೊರೆಯಿತು. ರೈಲು ಬೇರೆ ಸೇತುವೆಗೆ ಸರಿದ ಮೇಲೆ ಅದಕ್ಕೆ ಹೊಸ ಉಪಯೋಗ ಹುಡುಕಬೇಕಾಗಿದೆ.

ಪರಂಪರೆಗೆ ಸಮುದಾಯದ ಬದುಕಿನಲ್ಲಿ ಒಂದು ಪಾತ್ರವಿರಬೇಕೆಂದು 1972ರ ವಿಶ್ವ ಪರಂಪರೆ ಒಪ್ಪಂದವೇ ಹೇಳುತ್ತದೆ. ಟಿಕೆಟ್ ಹಣದಲ್ಲಿ ಒಂದು ಪಾಲು ಗ್ರಾಮ ಪಂಚಾಯಿತಿಗೆ, ಊರಿನ ಯುವಕರಿಗೆ ಮಾರ್ಗದರ್ಶಿಯ ತರಬೇತಿ, ಉತ್ಖನನದ ವಸ್ತುಗಳಿಗೆ ತಾಲ್ಲೂಕಿನಲ್ಲೇ ಒಂದು ಪ್ರದರ್ಶನಾಲಯ: ಇವು ದೊಡ್ಡ ಯೋಜನೆಗಳೇನಲ್ಲ. ಕಾವಲುಗಾರ ಸಂಜೆ ಬೀಗ ಹಾಕಿ ಹೋಗುತ್ತಾನೆ; ರಾತ್ರಿಯಿಡೀ ಗುಡಿಯ ಪಕ್ಕದಲ್ಲಿರುವುದು ಊರೇ. ಸೋಮನಾಥ ದಂಡನಾಯಕನಿಗೆ ಇದು ತಿಳಿದಿತ್ತು.