ಕಾಂಟ್ಯಾಕ್ಟ್ ಲೆನ್ಸ್ ಆರೈಕೆ: ನಡೆದು ಬಂದ ದಾರಿ

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲದ ಕಾರಣ, ಅದು ತನಗೆ ಬೇಕಾದ ಆಮ್ಲಜನಕದ ಬಹುಪಾಲನ್ನು ಕಣ್ಣೀರಿನ ತೆಳುಪದರದ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಬ್ಯಾಕ್ಟೀರಿಯಾಗಳ ಕೋಶಭಿತ್ತಿಯನ್ನು ಒಡೆಯುವ ಲೈಸೋಜೈಮ್ ಎಂಬ ಕಿಣ್ವವೂ ಇದೇ ಕಣ್ಣೀರಿನಲ್ಲಿದೆ. ಕಣ್ಣಿನ ಉಸಿರೂ ಕಾವಲೂ ಆಗಿರುವ ಈ ಪದರದ ನಡುವೆಯೇ ಲೆನ್ಸ್ ಕೂರುವುದರಿಂದ, ಅದರ ಶುಚಿತ್ವವು ದೃಷ್ಟಿಯ ಉಳಿವಿಗೇ ಸಂಬಂಧಿಸಿದ ವಿಷಯವಾಗಿದೆ.

1948ರಲ್ಲಿ ಅಮೆರಿಕದ ಕೆವಿನ್ ಟುಯೋಹಿ ರೂಪಿಸಿದ ಪ್ಲಾಸ್ಟಿಕ್ಕಿನ ಗಡಸು ಲೆನ್ಸ್ ನೀರನ್ನು ಅಷ್ಟಾಗಿ ಹೀರದಿದ್ದುದರಿಂದ ಅದನ್ನು ಶುಚಿಗೊಳಿಸುವುದು ಸುಲಭವಾಗಿತ್ತು. 1961ರಲ್ಲಿ ಚೆಕೊಸ್ಲೊವಾಕಿಯಾದ ರಸಾಯನವಿಜ್ಞಾನಿ ಒಟ್ಟೊ ವಿಖ್ಟರ್ಲೆ ತಯಾರಿಸಿದ, 1971ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಮೃದು ಲೆನ್ಸ್ ನೀರು ಹೀರುವ ಹೈಡ್ರೋಜೆಲ್‌ನದಾಗಿದ್ದು, ಧರಿಸಲು ಹಿತವಾಗಿದ್ದರೂ ಕಣ್ಣೀರಿನ ಪ್ರೋಟೀನನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತಿತ್ತು.

ಇಂಥ ಲೆನ್ಸನ್ನು ಮೊದಲಿಗೆ ಉಪ್ಪುನೀರಿನಲ್ಲಿ ಕಾಯಿಸಿ ಸೋಂಕು ನಿವಾರಿಸಲಾಗುತ್ತಿತ್ತು. ಉಪ್ಪಿನ ಗುಳಿಗೆ ಕರಗಿಸಿ ಮನೆಯಲ್ಲೇ ಮಾಡಿಕೊಂಡ ಈ ನೀರು ಶುದ್ಧವಾಗಿರದೆ, 1980ರ ದಶಕದ ನಡುಭಾಗದಲ್ಲಿ ಅಕಾಂತಮೀಬಾ ಸೋಂಕಿಗೆ ದಾರಿಯಾಯಿತು. ಮಣ್ಣಿನಲ್ಲೂ ನಲ್ಲಿನೀರಿನಲ್ಲೂ ಬದುಕುವ ಈ ಏಕಕೋಶಜೀವಿ, ಪರಿಸ್ಥಿತಿ ಪ್ರತಿಕೂಲವಾದಾಗ ಎರಡು ಭಿತ್ತಿಗಳ ರಕ್ಷಾಕವಚದೊಳಗೆ ಸೇರಿಕೊಳ್ಳುವುದರಿಂದ ಅದರ ಸೋಂಕಿನ ಚಿಕಿತ್ಸೆ ತಿಂಗಳುಗಟ್ಟಲೆ ಸಾಗಬಹುದು. ಶಾಖದ ಜಾಗಕ್ಕೆ ಬಂದ ರಾಸಾಯನಿಕಗಳಲ್ಲಿ ಪಾದರಸಯುಕ್ತ ಥೈಮೆರೊಸಾಲ್ ಹಲವರಿಗೆ ಅಲರ್ಜಿ ಉಂಟುಮಾಡಿತು. ಬಳಿಕ, ಪ್ಲಾಟಿನಂ ಸ್ಪರ್ಶದಿಂದ ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಹಾಗೂ ತೊಳೆಯಲು, ನೆನೆಸಲು, ಸೋಂಕು ನಿವಾರಿಸಲು ಒಂದೇ ಸಾಕೆನಿಸುವ ಬಹೂಪಯೋಗಿ ದ್ರಾವಣಗಳು ಬಳಕೆಗೆ ಬಂದವು.

ಲೆನ್ಸ್ ಧರಿಸಿಯೇ ಮಲಗುವುದರಿಂದ ಕಾರ್ನಿಯಾದ ಹುಣ್ಣಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆಂದು 1989ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದಾಗ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸತತ ಧಾರಣೆಯ ಮಿತಿಯನ್ನು 30 ದಿನಗಳಿಂದ 7ಕ್ಕೆ ಇಳಿಸಿತು. 1990ರ ದಶಕದ ಕೊನೆಯಲ್ಲಿ ಬಂದ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್ ಆಮ್ಲಜನಕದ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದರೂ, ಧರಿಸಿ ಮಲಗಿದವರ ಸೋಂಕಿನ ಅಪಾಯವನ್ನು ನೀಗಿಸಲಿಲ್ಲ.

ಉಜ್ಜುವ ಅಗತ್ಯವಿಲ್ಲದ ದ್ರಾವಣಗಳು ಜನಪ್ರಿಯವಾದ ಮೇಲೆ, 2006ರಲ್ಲಿ ಫ್ಯುಸೇರಿಯಂ ಶಿಲೀಂಧ್ರದ ಮತ್ತು 2007ರಲ್ಲಿ ಮತ್ತೆ ಅಕಾಂತಮೀಬಾದ ಸೋಂಕುಗಳು ಹೆಚ್ಚಿ, ಎರಡು ದ್ರಾವಣಗಳನ್ನು ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು. ಹಳೆಯ ದ್ರಾವಣವನ್ನು ಚೆಲ್ಲದೆ ಅದರ ಮೇಲೆಯೇ ಹೊಸದನ್ನು ಸುರಿಯುವ ರೂಢಿ ಅಪಾಯಕಾರಿಯೆಂಬುದೂ, ಬೆರಳಿನಿಂದ ಉಜ್ಜುವ ಕೆಲವೇ ಕ್ಷಣಗಳ ಕೆಲಸಕ್ಕೆ ಬದಲಿಯಿಲ್ಲವೆಂಬುದೂ ಆಗ ಮನದಟ್ಟಾದವು. ಲೆನ್ಸ್ ಇಡುವ ಡಬ್ಬಿಯ ಒಳಗೋಡೆಯಲ್ಲಿ ಬ್ಯಾಕ್ಟೀರಿಯಾಗಳು ಜೈವಿಕ ಪೊರೆ ಎಂಬ ಅಂಟುಪದರ ಕಟ್ಟಿಕೊಂಡು ದ್ರಾವಣಕ್ಕೆ ಸಿಗದೆ ಉಳಿಯುವುದರಿಂದ, ಅದನ್ನು ದಿನವೂ ದ್ರಾವಣದಿಂದಲೇ ತೊಳೆದು, ಒರೆಸಿ, ಬೋರಲಾಗಿ ಒಣಗಿಸುವುದು ಮತ್ತು ಮೂರು ತಿಂಗಳಿಗೊಮ್ಮೆಯಾದರೂ ಬದಲಾಯಿಸುವುದು ನಿಯಮವಾಯಿತು.

ಪ್ರತಿದಿನ ಹೊಸದನ್ನು ಧರಿಸಿ ಬಿಸಾಡುವ ಲೆನ್ಸ್ ಡಬ್ಬಿಯನ್ನೂ ದ್ರಾವಣವನ್ನೂ ಅನಗತ್ಯವಾಗಿಸಿದೆಯಾದರೂ ಕೈ ಮತ್ತು ನೀರಿನಿಂದ ಬರುವ ಸೋಂಕಿನ ಅಪಾಯ ಹಾಗೆಯೇ ಉಳಿದಿದೆ. ಭಾರತದಲ್ಲಿ ಅಕಾಂತಮೀಬಾ ಸೋಂಕು ಲೆನ್ಸ್ ಧರಿಸದವರಲ್ಲೇ ಹೆಚ್ಚಾಗಿ, ಮಣ್ಣು ಅಥವಾ ಕೊಳೆನೀರು ತಗುಲಿದ ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಆ ಜೀವಿ ಇಲ್ಲಿನ ಪರಿಸರದಲ್ಲಿ ಎಷ್ಟು ಹರಡಿದೆ ಎಂಬುದಕ್ಕೆ ಸಾಕ್ಷಿ. ಆದ್ದರಿಂದ ಬಾವಿ, ಬೋರ್‌ವೆಲ್, ನಲ್ಲಿ ಯಾವುದರ ನೀರೂ ಲೆನ್ಸಿಗೆ ಸೋಕಬಾರದು. ಸಾಬೂನಿನಿಂದ ತೊಳೆದ ಕೈಯನ್ನು ಪೂರ್ತಿ ಒರೆಸಿಕೊಂಡೇ ಅದನ್ನು ಮುಟ್ಟಬೇಕು. ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೆದು ಅಂದೇ ನೇತ್ರವೈದ್ಯರನ್ನು ಕಾಣಬೇಕು. ಲೆನ್ಸ್ ಎಷ್ಟೇ ಸುಧಾರಿಸಿದರೂ ಧರಿಸುವವರ ಕೈಯಲ್ಲಿ ಉಳಿದಿರುವ ಹೊಣೆ ಇದು.