ಕಾಲು ಮೈಲಿಯ ಓಟ, ಜಗಲಿಯ ಹಲಗೆಯ ಮೇಲೆ



ಕಂಬಳ ನೋಡಿದವರಿಗೆ ನಾನು ಇವತ್ತು ಹೇಳಲಿರುವ ವಿಷಯ ಅರ್ಧ ಗೊತ್ತಿದ್ದಂತೆಯೇ. ಜೋಡುಕರೆ ಕಂಬಳದಲ್ಲಿ ಎರಡು ಕರೆಗಳು ಅಕ್ಕಪಕ್ಕ ಇರುತ್ತವೆ. ಗಂತಿನಿಂದ ಬಿಟ್ಟ ಎರಡು ಜೊತೆ ಕೋಣಗಳು ನೇರವಾಗಿ ಓಡಿ ಮಂಜೊಟ್ಟಿ ಸೇರಬೇಕು. ತಿರುವಿಲ್ಲ, ಸುತ್ತಿಲ್ಲ, ನೋಡನೋಡುತ್ತಿದ್ದಂತೆ ಮುಗಿದು ಹೋಗುತ್ತದೆ. ಅಮೇರಿಕದವರು ಕೋಣದ ಬದಲು ಕಾರನ್ನೂ ಕೆಸರಿನ ಬದಲು ಡಾಮರನ್ನೂ ಇಟ್ಟುಕೊಂಡು ಇದನ್ನೇ ಮಾಡಿದರು. ಅದರ ಹೆಸರು ಡ್ರ್ಯಾಗ್ ರೇಸ್. ದೂರ ಕಾಲು ಮೈಲಿ, ಅಂದರೆ 1320 ಅಡಿ, ಮೀಟರಿನಲ್ಲಿ ಸುಮಾರು 402.

ಈ ವಿಷಯ ನನಗೆ ಹೇಗೆ ಅಂಟಿಕೊಂಡಿತು ಎಂದು ತಾವು ಕೇಳಬಹುದು. ಅಮೇರಿಕದಲ್ಲಿರುವ ನನ್ನ ಸೋದರಳಿಯ ಕಳೆದ ಸಲ ಊರಿಗೆ ಬಂದಾಗ ಒಂದು ಪೆಟ್ಟಿಗೆ ತಂದಿದ್ದ. ಒಳಗೆ ಹಿತ್ತಾಳೆಯ ಕಡ್ಡಿಗಳು, ಬೆರಳಷ್ಟು ದೊಡ್ಡ ಮೋಟಾರು, ಸ್ಪಂಜಿನಂಥ ಟೈರುಗಳು. "ಮಾವ, ಇದನ್ನು ನಾವಿಬ್ಬರೂ ಸೇರಿ ಜೋಡಿಸುವ" ಎಂದ. ಮಕ್ಕಳ ಆಟಿಕೆ ಎಂದು ನಕ್ಕಿದ್ದೆ. ಅದರ ಹಿಂದಿನ ಚರಿತ್ರೆಯನ್ನು ಅವನಿಂದ ಕೇಳಿ, ಆ ಮೇಲೆ ನಾನೇ ಹುಡುಕಿ ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಕಾಲ. ಕ್ಯಾಲಿಫೋರ್ನಿಯದ ಹುಡುಗರಲ್ಲಿ ಹಲವರು ಸೈನ್ಯದಲ್ಲಿ ಯಂತ್ರಗಳ ಕೆಲಸ ಕಲಿತು ಬಂದಿದ್ದರು. 1932ರ ಹಳೆಯ ಫೋರ್ಡ್ ಕಾರುಗಳು ಅಗ್ಗಕ್ಕೆ ಸಿಗುತ್ತಿದ್ದವು. ಅವುಗಳ ಮಡ್‌ಗಾರ್ಡ್ ಕಿತ್ತೆಸೆದು, ಎಂಜಿನ್ನು ತಿದ್ದಿ, ಒಣಗಿದ ಸರೋವರಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಚಿಂತೆ ಇರಲಿಲ್ಲ. ಬಯಲು ದೂರ, ಮನೆ ಮುಂದಿನ ರಸ್ತೆ ಹತ್ತಿರ. ರಾತ್ರಿ ಹೊತ್ತು ಊರಿನ ರಸ್ತೆಯಲ್ಲೇ ಪಂದ್ಯ ಶುರುವಾಯಿತು. ಹುಡುಗರು ಸತ್ತರು, ದಾರಿಹೋಕರೂ ಸತ್ತರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಹೆದ್ದಾರಿ ಅಗಲವಾದ ಮೇಲೆ ರಾತ್ರಿ ಹನ್ನೊಂದರ ನಂತರ ಬೈಕುಗಳ ಸದ್ದು ಕೇಳದವರು ತಮ್ಮಲ್ಲಿ ಯಾರೂ ಇರಲಾರರು. ನನ್ನ ಜೊತೆ ಕೌಂಟರಿನಲ್ಲಿ ಕೂತು ಕೆಲಸ ಮಾಡಿದವರೊಬ್ಬರ ಮಗ ಹಾಗೆ ಹೋದವನು ಮರಳಿ ಬರಲಿಲ್ಲ. ಇಪ್ಪತ್ತೊಂದು ವಯಸ್ಸು. ಬೈಕಿನ ಸಾಲಕ್ಕೆ ಜಾಮೀನು ಹಾಕಿದ್ದವರು ತಂದೆಯೇ. ಉಳಿದ ಕಂತುಗಳನ್ನು ಅವರು ತಪ್ಪದೆ ಕಟ್ಟಿದರು, ಪ್ರತಿ ತಿಂಗಳೂ ಕೌಂಟರಿಗೆ ಬಂದು. ಆ ಹಣವನ್ನು ಎಣಿಸಿಕೊಂಡವನು ನಾನು. ಆದ್ದರಿಂದ ಕ್ಯಾಲಿಫೋರ್ನಿಯದವರು ಏನು ಮಾಡಿದರು ಎಂದು ತಿಳಿಯುವ ಕುತೂಹಲ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಅವರು ಬೈದು ಸುಮ್ಮನಾಗಲಿಲ್ಲ, ಜಾಗ ಹುಡುಕಿದರು. 1950ರಲ್ಲಿ ಸ್ಯಾಂಟಾ ಆನಾ ಎಂಬಲ್ಲಿನ ವಿಮಾನ ನಿಲ್ದಾಣದ ರನ್‌ವೇಯನ್ನೇ ಪಡೆದು ಸಿ. ಜೆ. ಹಾರ್ಟ್ ಎಂಬವರು ಪಂದ್ಯ ಏರ್ಪಡಿಸತೊಡಗಿದರು. ಮರುವರ್ಷ, 1951ರಲ್ಲಿ, 'ಹಾಟ್ ರಾಡ್' ಪತ್ರಿಕೆಯ ಸಂಪಾದಕ ವಾಲಿ ಪಾರ್ಕ್ಸ್ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿ ನಿಯಮಗಳನ್ನು ತಂದರು. 1955ರಲ್ಲಿ ಕಾನ್ಸಾಸ್ ರಾಜ್ಯದ ಗ್ರೇಟ್ ಬೆಂಡ್ ಎಂಬ ಊರಿನ ಹಳೆಯ ಸೇನಾ ವಿಮಾನ ನೆಲೆಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯ. ಮಳೆ ಬಂದು ಅದು ಅರ್ಧಕ್ಕೆ ನಿಂತಿತು. ಉಳಿದ ಓಟಗಳನ್ನು ಆಮೇಲೆ ಅರಿಜೋನಾದ ಫೀನಿಕ್ಸಿನಲ್ಲಿ ಮುಗಿಸಿದರು.

ಅದೇ 1955ರಲ್ಲಿ ಲಾಸ್ ಏಂಜಲೀಸ್ ಕಡೆ ಪಂದ್ಯದ ಓಣಿಯೊಂದು ತೆರೆಯಿತು, ಬೆನ್ನಿಗೆ ನಿಂತದ್ದು ಲಯನ್ಸ್ ಕ್ಲಬ್ಬುಗಳು. ಹೌದು, ನಮ್ಮಲ್ಲಿ ಕಣ್ಣಿನ ತಪಾಸಣೆ ಶಿಬಿರ ಮಾಡುವ ಅದೇ ಲಯನ್ಸ್ ಕ್ಲಬ್. ರಸ್ತೆಯ ಹುಡುಗರನ್ನು ಒಂದು ಬೇಲಿಯೊಳಗೆ ತರಬೇಕೆಂಬುದು ಉದ್ದೇಶ.

ಮೊದಲು ಬಾವುಟ ಹಿಡಿದವನೊಬ್ಬ ಎರಡು ಕಾರುಗಳ ಮುಂದೆ ನಿಂತು, ಬಾವುಟ ಬೀಸಿ ಮೇಲಕ್ಕೆ ನೆಗೆಯುತ್ತಿದ್ದ. ಅವನ ಕೈ ಯಾವಾಗ ಅಲ್ಲಾಡಿತು ಎಂಬುದೇ ಜಗಳ. 1963ರಲ್ಲಿ ಬಣ್ಣದ ದೀಪಗಳ ಕಂಬ ಬಂತು. ಕ್ರಿಸ್‌ಮಸ್ ಮರದಂತೆ ಕಾಣುವುದರಿಂದ ಅದಕ್ಕೆ ಅದೇ ಹೆಸರು. ಹಳದಿ ದೀಪ ಇಳಿಯುತ್ತಾ ಬಂದು ಹಸಿರು ಹತ್ತಿದ ಕೂಡಲೇ ಬಿಡಬೇಕು. ಇದರಲ್ಲಿ ಒಂದು ಸ್ವಾರಸ್ಯವಿದೆ. ಕಾರು ಓಡಲು ತೆಗೆದುಕೊಂಡ ಸಮಯ ಬೇರೆ, ದೀಪ ಕಂಡು ಚಾಲಕ ಹೊರಡಲು ತೆಗೆದುಕೊಂಡ ಸಮಯ ಬೇರೆ. ಆದ್ದರಿಂದ ನಿಧಾನದ ಕಾರಿನವನು ಎಚ್ಚರವಿದ್ದರೆ ವೇಗದ ಕಾರಿನವನನ್ನು ಸೋಲಿಸಬಹುದು.

ಇನ್ನು ಕಾರಿನ ಕತೆ. ಜನರಲ್ ಮೋಟಾರ್ಸ್ ಕಂಪೆನಿಯಲ್ಲಿ ಒಂದು ನಿಯಮವಿತ್ತು: ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದು. 1963ರ ಆರಂಭದಲ್ಲಿ, ಕಂಪೆನಿಯ ಹಣದಲ್ಲಿ ಪಂದ್ಯಕ್ಕೆ ಹೋಗುವುದನ್ನೂ ನಿಲ್ಲಿಸಿದರು. ಅದರ ಪಾಂಟಿಯಾಕ್ ವಿಭಾಗದಲ್ಲಿ ಜಾನ್ ಡಿಲೋರಿಯನ್ ಎಂಬ ಎಂಜಿನಿಯರೂ ಅವರ ಸಂಗಡಿಗರೂ ಸುತ್ತೋಲೆಯನ್ನು ಸಾವಕಾಶವಾಗಿ ಓದಿದರು. ಹೊಸ ಮಾದರಿಗೆ ದೊಡ್ಡ ಎಂಜಿನ್ ಕೂಡದು, ಸರಿ. ಇರುವ ಮಾದರಿಗೆ ಗಿರಾಕಿ ಕೇಳಿದರೆ ಕೊಡುವ ಹೆಚ್ಚುವರಿ ಸಾಮಾನು ಎಂದು ಬರೆದರೆ? ಟೆಂಪೆಸ್ಟ್ ಎಂಬ ಸಾಧಾರಣ ಕಾರಿಗೆ ಸುಮಾರು 296 ಡಾಲರು ಹೆಚ್ಚು ಕೊಟ್ಟರೆ 389 ಘನ ಇಂಚಿನ ಎಂಜಿನ್ ಬರುವಂತೆ ಮಾಡಿದರು. 1964ರ ಮಾದರಿಯಾಗಿ ಹೊರಬಂದ ಆ ಕಾರೇ ಜಿ.ಟಿ.ಓ. ಹೆಸರನ್ನು ಇಟಲಿಯ ಫೆರಾರಿಯಿಂದ ಎತ್ತಿಕೊಂಡದ್ದು. ಐದು ಸಾವಿರ ಮಾರಿದರೆ ಸಾಕೆಂದು ಅಂದಾಜು ಮಾಡಿದ್ದರು, ಮೊದಲ ವರ್ಷವೇ 32,450 ಹೋದವು. ಬ್ಯಾಂಕಿನಲ್ಲಿ ದುಡಿದ ನನಗೆ ಇದರಷ್ಟು ಮೆಚ್ಚಿಗೆಯಾದ ಭಾಗ ಬೇರೊಂದಿಲ್ಲ. ಸುತ್ತೋಲೆಯ ಒಂದು ಸಂದಿಯಿಂದ ಒಂದು ಯುಗವೇ ಹೊರಬಂತು!

389 ಘನ ಇಂಚು ಎಂದರೆ ಸುಮಾರು 6,400 ಸಿ.ಸಿ. ನಾವು ಕಂಡ ಅಂಬಾಸಿಡರಿನದು ಬಹುಕಾಲ 1,489 ಸಿ.ಸಿ. ಇತ್ತು. ನಾಲ್ಕು ಅಂಬಾಸಿಡರು ಒಂದೇ ಬಾನೆಟ್ಟಿನಡಿ ಕೂತಂತೆ! ಈ ಜಾತಿಯ ಕಾರುಗಳಿಗೆ ಮಸಲ್ ಕಾರ್ ಎಂಬ ಹೆಸರು ಬಂತು, ಮಾಂಸಖಂಡದ ಕಾರು. ಉಳಿದ ಕಂಪೆನಿಗಳೂ ಬಿಡಲಿಲ್ಲ. ಕ್ರೈಸ್ಲರಿನವರು ಹೆಮಿ ಎಂಬ 426 ಘನ ಇಂಚಿನ ಎಂಜಿನ್ನನ್ನು 1966ರಿಂದ ರಸ್ತೆಯ ಕಾರುಗಳಿಗೂ ಕೊಟ್ಟರು. 1968ರ ಪ್ಲಿಮತ್ ರೋಡ್ ರನ್ನರ್ ಎಂಬ ಕಾರಿಗೆ ವ್ಯಂಗ್ಯಚಿತ್ರದ ಹಕ್ಕಿಯ ಹೆಸರಿಡಲು ವಾರ್ನರ್ ಬ್ರದರ್ಸ್‌ನವರಿಗೆ 50,000 ಡಾಲರು ಕೊಟ್ಟರು. ಹಾರ್ನ್ ಕೂಡ ಆ ಹಕ್ಕಿಯ 'ಬೀಪ್ ಬೀಪ್' ಸ್ವರದ್ದೇ. ಪೆಟ್ರೋಲಿಗೆ ಗ್ಯಾಲನ್ನಿಗೆ ಮೂವತ್ತು ಸೆಂಟಿನ ಆಸುಪಾಸು ಇದ್ದಾಗ ಯಾರಿಗೆ ಚಿಂತೆ?

ಚಿಂತೆ ಬೇಗನೇ ಬಂತು. ಇಪ್ಪತ್ತರ ಹುಡುಗರು ಇಂಥ ಕಾರು ಕೊಂಡಾಗ ವಿಮಾ ಕಂಪೆನಿಗಳು ಪ್ರೀಮಿಯಂ ಏರಿಸಿದವು. 1970ರಲ್ಲಿ ಹೊಗೆಯ ಕಾಯಿದೆ ಬಿಗಿಯಾಯಿತು, 1971ರಿಂದ ಎಂಜಿನ್ನುಗಳ ಶಕ್ತಿ ಇಳಿಯಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ ಪೆಟ್ರೋಲ್ ಬಂಕಿನೆದುರು ಸಾಲು. ಹಳೆಯ ಜಿ.ಟಿ.ಓ. 1974ಕ್ಕೆ ಕೊನೆಯಾಯಿತು. 2004ರಿಂದ 2006ರ ತನಕ ಹೆಸರು ಇನ್ನೊಮ್ಮೆ ಕಾಣಿಸಿತು. 2010ರಲ್ಲಿ ಪಾಂಟಿಯಾಕೇ ಇಲ್ಲವಾಯಿತು.

ಲಯನ್ಸ್ ಓಣಿಯೂ ಉಳಿಯಲಿಲ್ಲ. ಸದ್ದಿನ ಬಗ್ಗೆ ನೆರೆಹೊರೆಯವರ ತಕರಾರು ಹೆಚ್ಚಿ 1972ರ ಡಿಸೆಂಬರಿನಲ್ಲಿ ಮುಚ್ಚಿತು. ಅದೇ ಓಣಿಯಲ್ಲಿ 1970ರ ಮಾರ್ಚ್ 8ರಂದು ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ಚಾಲಕರ ಕಾರಿನ ಗಿಯರ್ ಪೆಟ್ಟಿಗೆ ಸಿಡಿದು ಅವರ ಬಲಪಾದದ ಅರ್ಧ ಹೋಗಿತ್ತು. ಆಗಿನ ಉದ್ದ ಕಾರುಗಳಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದೆ, ಗಿಯರ್ ಪೆಟ್ಟಿಗೆ ಅವನ ಕಾಲುಗಳ ನಡುವೆ. ಗಾರ್ಲಿಟ್ಸ್ ಆಸ್ಪತ್ರೆಯಲ್ಲಿ ಮಲಗಿ, ಎಂಜಿನ್ ಬೆನ್ನ ಹಿಂದೆ ಇರುವ ಕಾರನ್ನು ಯೋಚಿಸಿದರು. 1971ರಲ್ಲಿ ಅದರಲ್ಲಿ ಕೂತು ಪೊಮೋನಾದ ಪಂದ್ಯ ಗೆದ್ದರು. ಕೆಲವೇ ವರ್ಷಗಳಲ್ಲಿ ಎಲ್ಲರೂ ಹಾಗೇ ಕಟ್ಟತೊಡಗಿದರು. ಎಷ್ಟು ಪ್ರಾಣ ಉಳಿಯಿತೋ ಲೆಕ್ಕ ಇಟ್ಟವರು ಯಾರು?

ದೊಡ್ಡ ಕಾರು ಕೈಗೆಟುಕದವರಿಗೆ ಚಿಕ್ಕ ಕಾರು. ಹಲಗೆಯಲ್ಲಿ ಒಂದು ಸೀಳು, ಅದರ ಎರಡು ಬದಿಗೆ ಲೋಹದ ಪಟ್ಟಿ, ಪಟ್ಟಿಯಲ್ಲಿ ವಿದ್ಯುತ್ತು. ಕಾರಿನ ಮೂತಿಯಡಿಯ ನಾಲಗೆ ಸೀಳಿನಲ್ಲಿ ಇಳಿದು ದಾರಿ ತಪ್ಪದಂತೆ ನೋಡುತ್ತದೆ, ಅದರ ಪಕ್ಕದ ತಾಮ್ರದ ಜಡೆಗಳು ವಿದ್ಯುತ್ತನ್ನು ಮೋಟಾರಿಗೆ ಒಯ್ಯುತ್ತವೆ. ಸೀಳಿಗೆ ಇಂಗ್ಲಿಷಿನಲ್ಲಿ ಸ್ಲಾಟ್ ಎನ್ನುವುದರಿಂದ ಇದು ಸ್ಲಾಟ್ ಕಾರ್. ಲಯನೆಲ್ ಎಂಬ ಅಮೇರಿಕದ ರೈಲು ಆಟಿಕೆಯ ಕಂಪೆನಿ 1912ರಲ್ಲೇ ಇದನ್ನು ಹೋಲುವುದನ್ನು ಮಾಡಿತ್ತು. ಹೆಸರು ಬಂದದ್ದು 1957ರಲ್ಲಿ, ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ತಮ್ಮ ಕೀಲಿ ಕೊಡುವ ಕಾರುಗಳಿಗೆ ವಿದ್ಯುತ್ ಮೋಟಾರು ಹಾಕಿ ಸ್ಕೇಲೆಕ್ಸ್‌ಟ್ರಿಕ್ ಎಂದು ಮಾರಿದಾಗ. 1960ರ ದಶಕದ ನಡುವಿಗೆ ಅಮೇರಿಕದ ಊರೂರಲ್ಲಿ ಇದರ ಅಂಗಡಿಗಳು, ಗಂಟೆಗೆ ಇಷ್ಟೆಂದು ಬಾಡಿಗೆ. ದಶಕ ಮುಗಿಯುವಷ್ಟರಲ್ಲಿ ಹೆಚ್ಚಿನವು ಬಾಗಿಲು ಹಾಕಿದವು. ಸಾಲ ಕೊಟ್ಟ ಬ್ಯಾಂಕಿನವರ ಮುಖ ನನಗೆ ಕಾಣುತ್ತದೆ.

ಆದರೂ ಹವ್ಯಾಸ ಸಾಯಲಿಲ್ಲ. ಕಾಲು ಮೈಲಿಯನ್ನು 24ರಿಂದ ಭಾಗಿಸಿದರೆ 55 ಅಡಿ. ಅಷ್ಟು ಉದ್ದದ ಹಲಗೆ, ಎರಡು ಸೀಳು, ದೀಪದ ಮರ, ಕಣ್ಣಿಗೆ ಕಾಣದ ಕಿರಣದ ಗಡಿಯಾರ. ಒಳ್ಳೆಯ ಕಾರು ಅದನ್ನು ಒಂದು ಸೆಕೆಂಡಿನೊಳಗೆ ದಾಟುತ್ತದೆ. ಒಂದು ಸೆಕೆಂಡು ಎಂದೇ ಹಿಡಿದರೂ ಗಂಟೆಗೆ 60 ಕಿಲೋಮೀಟರು. ಅದನ್ನು ಪುನಃ 24ರಿಂದ ಗುಣಿಸಿ, 1,450 ಕಿಲೋಮೀಟರ್ ವೇಗ ಎಂದು ಹೇಳಿಕೊಳ್ಳುವವರಿದ್ದಾರೆ. ಕಾರು ಚಿಕ್ಕದಾಯಿತೆಂದು ಗಡಿಯಾರ ಚಿಕ್ಕದಾಗುತ್ತದೆಯೇ? ಆ ಗುಣಾಕಾರವನ್ನು ನಾನು ಪಾಸು ಮಾಡಲಾರೆ.

ಕಟ್ಟುವ ಕೆಲಸ ನೋಡಿದಷ್ಟು ಸುಲಭವಲ್ಲ. ಹಿತ್ತಾಳೆಯ ಕೊಳವೆಗಳನ್ನೂ ಉಕ್ಕಿನ ತಂತಿಯನ್ನೂ ಬೆಸುಗೆ ಹಾಕಿ ಉದ್ದನೆಯ ಚೌಕಟ್ಟು ಮಾಡಬೇಕು. ಒಂದು ಕೂದಲು ಓರೆಯಾದರೂ ಕಾರು ಹಲಗೆಗೆ ತಿಕ್ಕುತ್ತದೆ. ವಿದ್ಯುತ್ ಮೋಟಾರಿಗೆ ನಿಂತಲ್ಲೇ ಗರಿಷ್ಠ ಬಲ. ಆದ್ದರಿಂದ ಗುಂಡಿ ಒತ್ತಿದ ಕೂಡಲೇ ಹಿಂದಿನ ಚಕ್ರ ಸುಮ್ಮನೆ ಸುತ್ತುತ್ತದೆ, ಇಲ್ಲವೇ ಮೂತಿ ಮೇಲೇಳುತ್ತದೆ. ಮೂತಿ ಎದ್ದರೆ ನಾಲಗೆ ಸೀಳಿನಿಂದ ಹೊರಗೆ, ವಿದ್ಯುತ್ತೂ ಇಲ್ಲ, ದಾರಿಯೂ ಇಲ್ಲ. ಹಿಡಿತಕ್ಕೆ ಭಾರ ಹಿಂದೆ ಬೇಕು, ನಾಲಗೆ ಕೂರಲು ಚೂರು ಸೀಸ ಮುಂದೆಯೂ ಬೇಕು. ಈ ಚೌಕಾಸಿಗೇ ನಮಗೆ ಮೂರು ಸಂಜೆ ಹಿಡಿಯಿತು. ಮೇಲಿನ ಕವಚ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ಕಿನದು, ಬಣ್ಣ ಒಳಗಿನಿಂದ ಬಳಿಯುವುದು. ಹಾಗಾಗಿ ಕೊನೆಗೆ ಬರೆಯಬೇಕಾದ ಗೆರೆಯನ್ನು ಮೊದಲು ಬರೆಯಬೇಕು. ಮರೆತು ಮೊದಲಿಗೇ ನೀಲಿ ಬಳಿದೆ. ಬಿಳಿಯ ಪಟ್ಟೆ ಒಳಗೇ ಅಡಗಿ ಕೂತಿತು.

ಇನ್ನೊಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಹಳೆಯ ಟೇಪ್ ರೆಕಾರ್ಡರಿನ ಮೋಟಾರನ್ನು ಕಿತ್ತು ಎರಡನೇ ಕಾರಿಗೆ ಹಾಕಿದೆವು. ಎಷ್ಟು ವೋಲ್ಟು ಏರಿಸಿದರೂ ಅದು ಅಷ್ಟೇ ವೇಗದಲ್ಲಿ ಓಡಿತು. ಹಾಡು ಎಳೆದಾಡದಂತೆ ಒಂದೇ ವೇಗದಲ್ಲಿ ತಿರುಗಬೇಕೆಂದು ಅದರೊಳಗೇ ನಿಯಂತ್ರಣ ಇಟ್ಟಿರುತ್ತಾರಂತೆ. ಪಂದ್ಯದ ಮೋಟಾರಿಗೆ ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತುತ್ತಾರೆ, ವೇಗ ಏರುತ್ತದೆ, ಬಿಸಿಯೂ ಏರುತ್ತದೆ. ತೋಟದ ಪಂಪು ರಿವೈಂಡಿಂಗ್ ಮಾಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಿಜವಾದ ಕಾರುಗಳು ಈಗ ಯಾರ ಬಳಿ ಇವೆ? 1971ರ ಹೆಮಿ ಎಂಜಿನ್ನಿನ, ಮಡಚುವ ಮಾಡಿನ ಪ್ಲಿಮತ್ ಬಾರಾಕುಡಾ ಒಂದು 2014ರ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಅಂಥದನ್ನು ಹುಡುಗನಾಗಿ ಬೀದಿಯಲ್ಲಿ ಕಂಡವನು ಇವತ್ತು ಮುದುಕನಾಗಿ 24ರಲ್ಲಿ ಒಂದು ಪಾಲಿನದನ್ನು ಕಟ್ಟುತ್ತಾನೆ, ಬಾಗಿಲಿನ ಹಿಡಿಯ ಸಮೇತ.

ನಮ್ಮ ಜಗಲಿ ಇರುವುದು 22 ಅಡಿ. 55 ಅಡಿಯ ಹಲಗೆ ಅಲ್ಲಿ ಹಿಡಿಯುವುದಿಲ್ಲ. ನಮ್ಮ ನೀಲಿ ಜಿ.ಟಿ.ಓ. ಅರ್ಧಕ್ಕೂ ಮೊದಲೇ ಹಳೆಯ ತಲೆದಿಂಬಿಗೆ ಢಿಕ್ಕಿ ಹೊಡೆದು ನಿಲ್ಲುತ್ತದೆ. ಮುಂದಿನ ಸಲ 64ರಲ್ಲಿ ಒಂದು ಪಾಲಿನ ಕಾರು ತರುತ್ತೇನೆ ಎಂದು ಅಳಿಯ ಹೇಳಿ ಹೋಗಿದ್ದಾನೆ. ಆ ಅಳತೆಯಲ್ಲಿ ಕಾಲು ಮೈಲಿ 20 ಅಡಿ ಏಳೂವರೆ ಇಂಚು. ತಲೆದಿಂಬಿಗೂ ಜಾಗ ಉಳಿಯುತ್ತದೆ.