ಹಾಲ್ಬಣ್ಣದ ಎಣ್ಣೆನೀರು: ಬಣ್ಣಗಾರಿಕೆಯಿಂದ ಮೈಕ್ರೊಎಮಲ್ಷನ್ನಿನವರೆಗೆ

ಬೆಳಗಾವಿ ಜಿಲ್ಲೆಯ ಗೋಕಾಕವು ಜಲಪಾತಕ್ಕೂ ಕರದಂಟಿಗೂ ಮರದ ಬೊಂಬೆಗಳಿಗೂ ಹೆಸರಾದುದು. ಪೂರ್ವದಲ್ಲಿ ಅಲ್ಲಿ ಬಣ್ಣಗಾರಿಕೆ ಮತ್ತು ನೇಕಾರಿಕೆಗಳು ವಿಶೇಷವಾಗಿ ನಡೆಯುತ್ತಿದ್ದುವೆಂದು ಇಂಪೀರಿಯಲ್ ಗೆಜೆಟಿಯರಿನಿಂದ ತಿಳಿದುಬರುತ್ತದೆ. ದಕ್ಷಿಣಾಪಥದ ಬಣ್ಣಗಾರರಲ್ಲಿ ರೂಢವಾಗಿದ್ದ ಒಂದು ವಿಧಾನವನ್ನು ಇಂದಿನ ರಸಾಯನಶಾಸ್ತ್ರದೊಡನೆ ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

ಮಡ್ಡಿಬೇರಿನ ಕೆಂಪು ಹತ್ತಿಯ ನೂಲಿಗೆ ತಾನಾಗಿ ಕಚ್ಚಿಕೊಳ್ಳದು. ಆದುದರಿಂದ ಬಣ್ಣಗಾರರು ಎಣ್ಣೆಯನ್ನು ಬೂದಿಯ ಕ್ಷಾರಜಲದಲ್ಲಿ ಕದಡಿ, ಹಾಲಿನಂತಾದ ಆ ದ್ರವದಲ್ಲಿ ನೂಲನ್ನು ಮತ್ತೆ ಮತ್ತೆ ಅದ್ದಿ ಒಣಗಿಸುವರು. ಬಳಿಕ ಪಟಿಕದ ನೀರನ್ನೂ ಬೇರಿನ ರಸವನ್ನೂ ಉಣಿಸುವರು. ಎಣ್ಣೆಯೂ ನೀರೂ ಒಂದಕ್ಕೊಂದು ಸೇರತಕ್ಕವಲ್ಲ. ಆದರೆ ಕ್ಷಾರದ ಸಂಗದಿಂದ ಎಣ್ಣೆಯ ಅಲ್ಪಾಂಶವು ಸಾಬೂನಾಗಿ ಮಾರ್ಪಟ್ಟು ಎರಡಕ್ಕೂ ಮಧ್ಯಸ್ಥನಾಗುತ್ತದೆ. ಇಂತಹ ಮಿಶ್ರಣಕ್ಕೆ ಎಮಲ್ಷನ್ ಎಂದು ಹೆಸರು. ಅದನ್ನು ಹೀರುವ ಹತ್ತಿಯ ಎಳೆಯಾದರೋ ಸೆಲ್ಯುಲೋಸ್ ಎಂಬ ಪಾಲಿಮರು. ಎಂದರೆ, ಚಿಕ್ಕ ಅಣುಘಟಕಗಳು ಸರಪಣಿಯಂತೆ ಕೂಡಿ ಆದ ವಸ್ತು.

1943ರಲ್ಲಿ ಹೋರ್ ಮತ್ತು ಶುಲ್ಮನ್ ಎಂಬ ವಿದ್ವಾಂಸರು ಎಣ್ಣೆ, ನೀರು, ಸಾಬೂನು, ಮದ್ಯಸಾರಗಳಿಂದ ಹಾಲಿನಂತಿರದೆ ತಿಳಿಯಾಗಿರುವ ಮಿಶ್ರಣವನ್ನು ವರ್ಣಿಸಿದರು. 1959ರಲ್ಲಿ ಶುಲ್ಮನ್ನರೂ ಅವರ ಸಂಗಡಿಗರೂ ಅದನ್ನು ಮೈಕ್ರೊಎಮಲ್ಷನ್ ಎಂದು ಕರೆದರು. ಇದರ ಹನಿಗಳ ಗಾತ್ರ ಸಾಮಾನ್ಯವಾಗಿ 10ರಿಂದ 100 ನ್ಯಾನೊಮೀಟರು; ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದವಾದರೋ 400ರಿಂದ 700. ಅಲೆಗಿಂತ ಹನಿ ಬಹು ಕಿರಿದಾದುದರಿಂದಲೇ ಬೆಳಕು ಹೆಚ್ಚು ಚದುರದೆ ಸಾಗುವುದು. 1980ರ ಸುಮಾರಿಗೆ ಇಂತಹ ಹನಿಗಳ ಆಶ್ರಯದಲ್ಲಿಯೇ ಪಾಲಿಮರನ್ನು ಕಟ್ಟುವ ಪ್ರಯೋಗಗಳು ಮೊದಲಾದುವು. ಅತಿಸೂಕ್ಷ್ಮ ಕಣಗಳು ಈ ಮಾರ್ಗದಿಂದ ದೊರೆತುವು.

ಹಾಗಾದರೆ ನಮ್ಮ ಬಣ್ಣಗಾರರಿಗೆ ಮೈಕ್ರೊಎಮಲ್ಷನ್ ತಿಳಿದಿದ್ದಿತೆನ್ನಬಹುದೆ? ಎನ್ನಲಾಗದು. ಅವರ ದ್ರವದ ಹಾಲ್ಬಣ್ಣವೇ ಅದರ ಹನಿಗಳು ದೊಡ್ಡವೆಂಬುದಕ್ಕೆ ಸಾಕ್ಷಿ. ಅಲ್ಲದೆ ಅದನ್ನು ಕದಡಿಯೇ ಮಾಡಬೇಕು. ಮೈಕ್ರೊಎಮಲ್ಷನ್ನು ತಕ್ಕ ಪ್ರಮಾಣದಲ್ಲಿ ದ್ರವ್ಯಗಳು ಕೂಡಿದೊಡನೆ ತಾನಾಗಿ ಏರ್ಪಡುತ್ತದೆ. ಆದರೂ ಕೂಡದವುಗಳನ್ನು ಕೂಡಿಸಲು ಮೂರನೆಯದೊಂದು ಬೇಕೆಂಬ ತತ್ತ್ವವನ್ನು ಅವರು ಅನುಭವದಿಂದಲೇ ಕೈವಶಮಾಡಿಕೊಂಡಿದ್ದರು. ಇಲ್ಲದ ಕೀರ್ತಿಯನ್ನು ಹೊರಿಸುವುದೂ ಇರುವ ಕೀರ್ತಿಯನ್ನು ಮರೆಯುವುದೂ ಸಮಾನವಾದ ಅನ್ಯಾಯಗಳು.

1869ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್ಮನ್ ಕೃತಕ ಅಲಿಜರಿನ್ನಿಗೆ ಪೇಟೆಂಟು ಪಡೆದ ಮೇಲೆ ಬೇರಿನ ಬಣ್ಣಗಳು ಹಿಂದೆ ಸರಿದುವು. 1887ರಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ನಡೆಯತೊಡಗಿತು. ಕಸಬು ಅಳಿದಾಗ ಅದರ ಮಾತುಗಳೂ ಅಳಿಯುವುವು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಿರಿಯರ ಬಾಯಲ್ಲಿ ಉಳಿದಿರಬಹುದಾದ ಬಣ್ಣಗಾರಿಕೆಯ ಶಬ್ದಗಳನ್ನು ಸಂಗ್ರಹಿಸುವುದು ಭಾಷಾಭ್ಯಾಸಿಗಳಿಗೂ ವಿಜ್ಞಾನದ ಇತಿಹಾಸಕಾರರಿಗೂ ಸಮಾನವಾದ ಕರ್ತವ್ಯವಾಗಿದೆ.